ಹರಳು ಕಲ್ಲು ಹರಾಜಿಗೆ ಹಾಕುವುದು ಹೇಗೆ: ಚೀಟಿಯಿಂದ ಪಾರ್ಸೆಲ್‌ವರೆಗೆ ಸಮಗ್ರ ಮಾರ್ಗದರ್ಶಿ

"ಸಾರ್, ಹರಾಜಿಗೆ ಹಾಕಿದ ಕಲ್ಲಿಗೆ ಒಂದೇ ಒಂದು ಬಿಡ್ ಬಂತು, ಅದೂ ನಾನು ಕೊಂಡ ಬೆಲೆಯ ಅರ್ಧಕ್ಕೆ." ಖನಿಜದ ಹರಳು ಕಲ್ಲುಗಳನ್ನು ಸಂಗ್ರಹಿಸುವ ಹವ್ಯಾಸಿಗಳಿಂದ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಫೋಟೊ ಕಳಿಸಿ ಅಂದರೆ ಕಳಿಸುತ್ತಾರೆ. ಕಲ್ಲು ಚೆನ್ನಾಗಿಯೇ ಇರುತ್ತದೆ, ಅಥವಾ ಹಿಂದೊಮ್ಮೆ ಚೆನ್ನಾಗಿತ್ತು. ಆಸಿಡ್ ಹಾಕಿ ಉಜ್ಜಿ ಆಗಿದೆ. ಯಾವ ಊರಿನದು ಅಂದರೆ "ಮಹಾರಾಷ್ಟ್ರ ಕಡೆದಿರಬೇಕು" ಅನ್ನುತ್ತಾರೆ. ಒಂದು ಹರಳು ಅಂಟು ಹಾಕಿ ಕೂರಿಸಿದ್ದು ಅನ್ನುವುದು ಮಾರುವವರಿಗೆ ಗೊತ್ತಿಲ್ಲ. ಕೊಳ್ಳಲು ಬಂದವರಿಗೆ ಫೋಟೊದಲ್ಲೇ ಗೊತ್ತಾಗಿದೆ.

ಇವೆಲ್ಲ ಬೇರೆ ಬೇರೆ ತಪ್ಪು ಅನ್ನಿಸಬಹುದು. ನನ್ನ ಪ್ರಕಾರ ಒಂದೇ ತಪ್ಪು: ಕೆಲಸಗಳು ಹಿಂದುಮುಂದಾಗಿವೆ. ಕಲ್ಲು ಮನೆಗೆ ಬಂದ ತಕ್ಷಣ ತೊಳೆಯುತ್ತಾರೆ. ಆಮೇಲೆ ಫೋಟೊ, ಆಮೇಲೆ ಹರಾಜು. ಹರಾಜು ಮುಗಿದ ಮೇಲೆ ಡಬ್ಬ ಹುಡುಕಲು ಹೊರಡುತ್ತಾರೆ. ಚೀಟಿ, ಅಂದರೆ ಕಲ್ಲಿನ ಹೆಸರು, ಊರು ಇರುವ ಕಾಗದ, ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಸರಿಯಾದ ಕ್ರಮ ಹೆಚ್ಚುಕಡಿಮೆ ಇದರ ಉಲ್ಟಾ. ಚೀಟಿ ಮೊದಲು, ನೀರು ಆಮೇಲೆ, ಡಬ್ಬ ಹರಾಜಿಗಿಂತ ಮುಂಚೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಜಿಗಿಯಬೇಡಿ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು. ಒಡವೆ ಅಂಗಡಿಯವರು ಕಣ್ಣಿಗೆ ಹಿಡಿದು ನೋಡುತ್ತಾರಲ್ಲ, ಅದೇ. 365 ನ್ಯಾನೊಮೀಟರಿನ ಯುವಿ ಟಾರ್ಚ್ ಒಂದು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೇಳುವಾಗ ಈ ಅಂಕಿಯನ್ನು ಹೇಳಿಯೇ ಕೇಳಿ. 395ರ ಅಗ್ಗದ ಟಾರ್ಚ್ ನೇರಳೆ ಬೆಳಕನ್ನೇ ಜಾಸ್ತಿ ಚೆಲ್ಲುತ್ತದೆ, ಅದರಲ್ಲಿ ಅಂಟು ಎದ್ದು ಕಾಣುವುದಿಲ್ಲ. ಆ ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ.

ಅಡುಗೆಮನೆಯ ಡಿಜಿಟಲ್ ತಕ್ಕಡಿ, ಸೆಂಟಿಮೀಟರ್ ಸ್ಕೇಲ್, ಮಕ್ಕಳ ಹಲ್ಲುಜ್ಜುವ ಮೃದು ಬ್ರಷ್, ಚಿತ್ರ ಬರೆಯುವ ಬ್ರಷ್, ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಉಂಡೆ, ಅಸಿಟೋನ್, ಹತ್ತಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್. ದಪ್ಪ ಕಾಗದ ಮತ್ತು ಸಣ್ಣ ಡಬ್ಬಗಳಿಗೆ ಅವೆನ್ಯೂ ರೋಡ್, ಸುಲ್ತಾನಪೇಟೆ ಒಂದು ಸುತ್ತು ಹಾಕಿದರೆ ಸಾಕು. ಸುತ್ತಿಗೆ, ಉಳಿ ಈ ಪಟ್ಟಿಯಲ್ಲಿ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ.

ಹಂತ 1: ಕಲ್ಲು ತರುವ ದಾರಿ ಸರಿಯಿದೆಯಾ ನೋಡಿ

ಬೆಂಗಳೂರು ಕೂತಿರುವುದು ನೈಸ್ (gneiss) ಅನ್ನುವ ಹಳೆಯ ಪಟ್ಟೆ ಕಲ್ಲು ಮತ್ತು ಗ್ರಾನೈಟ್ ಮೇಲೆ. ಹರಾಜಿನಲ್ಲಿ ಓಡುವ ಅಪೊಫಿಲೈಟ್, ಸ್ಟಿಲ್ಬೈಟ್, ಹ್ಯೂಲಾಂಡೈಟ್, ಸ್ಕೊಲೆಸೈಟ್ ಅನ್ನುವ ಖನಿಜಗಳು ಇಲ್ಲಿ ಹುಟ್ಟುವುದಿಲ್ಲ. ಅವು ದಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನವು. ಲಾವಾ ತಣಿಯುವಾಗ ಗಾಳಿಗುಳ್ಳೆಗಳು ಟೊಳ್ಳಾಗಿ ಉಳಿದವು, ಆಮೇಲೆ ಆ ಟೊಳ್ಳಿಗೆ ಖನಿಜ ತುಂಬಿದ ನೀರು ಇಳಿದು ಹರಳು ಕಟ್ಟಿತು. ಪುಣೆ, ನಾಸಿಕ್, ಜಲಗಾಂವ್ ಕಡೆಯ ಜಲ್ಲಿ ಕ್ವಾರಿಗಳು ಇದಕ್ಕೆ ಹೆಸರುವಾಸಿ. ಕಡುನೀಲಿ ಕ್ಯಾವನ್ಸೈಟ್‌ಗೆ ಪುಣೆ ಪಕ್ಕದ ವಾಘೋಲಿ ಕ್ವಾರಿಗಳೇ ಪ್ರಸಿದ್ಧ. ನಮ್ಮ ರಾಜ್ಯದಲ್ಲೂ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಈ ಬಸಾಲ್ಟ್ ಇದೆ. ನಮ್ಮ ದಕ್ಷಿಣದ ಹಳೆಯ ಕಲ್ಲಿನಲ್ಲಿ ಸಿಗುವುದು ಬೇರೆ ಸಾಮಾನು: ಕುರುಂದ, ಅದರ ಕೆಂಪು ರೂಪವಾದ ಮಾಣಿಕ್ಯ, ಹಸಿರು ಫುಕ್ಸೈಟ್ ಒಳಗೆ ಕೂತ ಮಾಣಿಕ್ಯ, ಕಯನೈಟ್, ಗಾರ್ನೆಟ್.

ಹಾಗಾಗಿ ಬೆಂಗಳೂರಿನ ಸಂಗ್ರಾಹಕ ಹೆಚ್ಚಾಗಿ ಕೊಂಡೇ ತರಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ. ಲಾಲ್‌ಬಾಗಿನ ಬಂಡೆ ಚೂರು ಎತ್ತಿಕೊಂಡು ಬಂದೆ ಅಂತ ಹೇಳಿದವರೂ ಇದ್ದಾರೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಮುಟ್ಟುವ ಹಾಗಿಲ್ಲ. ಮಾರುಕಟ್ಟೆಯಲ್ಲಿ ಆ ಚೂರಿಗೆ ಐದು ಪೈಸೆ ಬೆಲೆಯೂ ಇಲ್ಲ.

ಕ್ವಾರಿಗೆ ಹೋಗುವುದಾದರೆ ಗುತ್ತಿಗೆದಾರರ ಅನುಮತಿ ಬೇಕು, ಸಿಡಿಮದ್ದಿನ ಹೊತ್ತು ಕೇಳಿಕೊಂಡಿರಬೇಕು, ತಲೆಗೆ ಹೆಲ್ಮೆಟ್ ಇರಬೇಕು. ಗಣಿಗಾರಿಕೆಗೆ 1957ರ ಕೇಂದ್ರ ಕಾಯ್ದೆ ಇದೆ, ಜಲ್ಲಿ, ಕಟ್ಟಡ ಕಲ್ಲಿಗೆ ರಾಜ್ಯದ 1994ರ ಉಪಖನಿಜ ನಿಯಮಗಳಿವೆ. ಅನುಮಾನ ಇದ್ದರೆ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ, ಅಂದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೇಳಿ. ಅರಣ್ಯದಿಂದ ತಂದ ಕಲ್ಲು ಕಾನೂನಿನ ಕಣ್ಣಿಗೆ ಅರಣ್ಯ ಉತ್ಪನ್ನ. ಒಂದು ಮುಷ್ಟಿ ತಂದರೂ ಅಷ್ಟೇ. ಕಡಲತೀರದ ಮೊನಜೈಟ್ ಮರಳಿನ ತಂಟೆಗಂತೂ ಹೋಗಬೇಡಿ. ಅದರಲ್ಲಿ ಥೋರಿಯಂ ಇದೆ, ಅಣುಶಕ್ತಿ ಕಾನೂನಿನ ಹಿಡಿತದಲ್ಲಿದೆ.

ಎಚ್ಚರಿಕೆ ಗುರುತು: ಮಾರುವವರು ಬಿಲ್ ಕೊಡಲ್ಲ, ಊರು ಹೇಳಲ್ಲ, "ಯಾರಿಗೂ ಹೇಳ್ಬೇಡಿ" ಅಂತಾರೆ. ಆ ಕಲ್ಲನ್ನು ನೀವು ಮುಂದೆ ಯಾವ ಒಳ್ಳೆಯ ಹರಾಜಿಗೂ ಹಾಕಲಾರಿರಿ.

ಹಂತ 2: ಕೊಳ್ಳುವ ಮುಂಚೆ ಹಿಂದುಗಡೆಯಿಂದ ನೋಡಿ

ಎಲ್ಲರೂ ಕಲ್ಲಿನ ಮುಖ ನೋಡಿ ಮರುಳಾಗುತ್ತಾರೆ. ಮಾರುವವರು ಇಟ್ಟಿರುವುದೂ ಹಾಗೆಯೇ. ನೀವು ಕಲ್ಲನ್ನು ತಿರುಗಿಸಿ ಮೊದಲು ಬೆನ್ನು ನೋಡಿ, ಆಮೇಲೆ ಅಂಚು, ಆಮೇಲೆ ಹರಳಿನ ತುದಿ, ಕೊನೆಗೆ ಮುಖ.

ಬೆನ್ನಿನಲ್ಲಿ ಗರಗಸದ ಗೆರೆ ಇದ್ದರೆ ತಪ್ಪಿಲ್ಲ, ಕೂರಿಸಲು ಕತ್ತರಿಸಿರುತ್ತಾರೆ. ಆದರೆ ಸಿಮೆಂಟು, ಕಲ್ಲುಪುಡಿ ಮೆತ್ತಿದ ಜಾಗ ಕಂಡರೆ ಅಲ್ಲಿ ಏನೋ ಮುಚ್ಚಿದ್ದಾರೆ. ಹರಳು ತಾಯಿಕಲ್ಲಿಗೆ ಸೇರುವ ಬುಡವನ್ನು ಲೂಪ್‌ನಲ್ಲಿ ನೋಡಿ. ಹುಟ್ಟಿ ಬೆಳೆದ ಹರಳಿನ ಬುಡದಲ್ಲಿ ಪಕ್ಕದ ಸಣ್ಣ ಹರಳುಗಳು ಒಂದರೊಳಗೊಂದು ನುಗ್ಗಿರುತ್ತವೆ. ಅಂಟಿಸಿದ ಹರಳಿನ ಬುಡದಲ್ಲಿ ನುಣುಪಾದ ಹೊಳೆಯುವ ಒಂದು ಗೆರೆ ಇರುತ್ತದೆ, ಅದರಲ್ಲಿ ಕೆಲವೊಮ್ಮೆ ಗಾಳಿಗುಳ್ಳೆಯೂ ಇರುತ್ತದೆ. ಕತ್ತಲಲ್ಲಿ ಯುವಿ ಟಾರ್ಚ್ ಹಾಯಿಸಿ. ಬಹಳಷ್ಟು ಅಂಟುಗಳು ನೀಲಿ ಬಿಳುಪಾಗಿ ಹೊಳೆಯುತ್ತವೆ. ಹೊಳೆಯದ ಅಂಟೂ ಇದೆ. ಕ್ಯಾಲ್ಸೈಟ್ ಅನ್ನುವ ಸುಣ್ಣದ ಹರಳು ಕೆಲವೊಮ್ಮೆ ಅಂಟಿಲ್ಲದೆಯೂ ಹೊಳೆಯುತ್ತದೆ. ಗೆರೆಯಂತೆ ಹೊಳೆದರೆ ಅನುಮಾನ ಪಡಿ, ಇಡೀ ಹರಳು ಹೊಳೆದರೆ ಅದು ಅದರ ಗುಣ.

ಕ್ಯಾವನ್ಸೈಟ್ ಉಂಡೆಯನ್ನು ಬೇರೆ ಸ್ಟಿಲ್ಬೈಟ್ ಮೇಲೆ ಕೂರಿಸುವುದು ಹಳೆಯ ಚಾಳಿ. ಒಕೆನೈಟ್ ಅನ್ನುವ ಎಳೆಎಳೆಯ ಖನಿಜದ ಗುಲಾಬಿ, ನೀಲಿ ಉಂಡೆ ಕಂಡರೆ ಅದು ಬಣ್ಣ ಹಾಕಿದ್ದು, ಒಕೆನೈಟ್ ಬಿಳಿಯದೇ. ಹೊರಗಡೆ ಕಾಣದ ಜಾಗಕ್ಕೆ ಅಸಿಟೋನ್ ಹತ್ತಿ ಒತ್ತಿ ನೋಡಿ, ಬಣ್ಣ ಬಿಟ್ಟರೆ ವಾಪಸ್ ಇಡಿ. ಬುಡ ಸುಣ್ಣದಂತೆ ಬೆಳ್ಳಗೆ, ತುದಿ ಸುಟ್ಟ ಕಿತ್ತಳೆ ಬಣ್ಣ ಇರುವ "ಸಿಟ್ರಿನ್" (ಹಳದಿ ಕ್ವಾರ್ಟ್ಜ್) ಗುಚ್ಛಗಳು ಸಾಮಾನ್ಯವಾಗಿ ಬಿಸಿ ಮಾಡಿದ ಅಮೆಥಿಸ್ಟ್ (ನೇರಳೆ ಕ್ವಾರ್ಟ್ಜ್). ಕಾಮನಬಿಲ್ಲಿನಂತೆ ಮಿನುಗುವ ಕ್ವಾರ್ಟ್ಜ್ ಮೇಲೆ ಹೆಚ್ಚಾಗಿ ಲೋಹದ ಲೇಪ ಇರುತ್ತದೆ. ಗಾಢ ನೀಲಿ ಮೈಲುತುತ್ತ ಹರಳನ್ನು ಅಡುಗೆಮನೆಯಲ್ಲೂ ಬೆಳೆಸಬಹುದು, ಮೈಮರೆಯಬೇಡಿ.

ಹರಳಿನ ತುದಿ ಮುಕ್ಕಾಗಿದೆಯಾ ಅನ್ನುವುದೇ ಬೆಲೆಯ ಮುಖ್ಯ ಪ್ರಶ್ನೆ. ನಾಲ್ಕು ಹರಳಿನಲ್ಲಿ ಬದಿಯದೊಂದು ಮುಕ್ಕಾದರೆ ನಡೆಯುತ್ತದೆ. ನಟ್ಟನಡುವೆ ನಿಂತ ದೊಡ್ಡ ಹರಳಿನ ತುದಿ ಹೋಗಿದ್ದರೆ, ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಲೂಪ್ ಹಿಡಿದು ಓರೆಯಾಗಿ ಬೆಳಕು ಬಿಡಿ. ಮುಕ್ಕು ತಟ್ಟನೆ ಮಿಂಚುತ್ತದೆ.

ಹತ್ತು ಸಾಧಾರಣ ಸ್ಟಿಲ್ಬೈಟ್ ಕೊಳ್ಳುವ ದುಡ್ಡಿಗೆ ಒಂದು ಒಳ್ಳೆಯದನ್ನು ಕೊಳ್ಳಿ. ಸಾಧಾರಣ ಸ್ಟಿಲ್ಬೈಟ್, ಅಪೊಫಿಲೈಟ್ ಪೆಟ್ಟಿಗೆಗಟ್ಟಲೆ ಹೊರದೇಶಕ್ಕೆ ಹೋಗಿದೆ. ಅದನ್ನು ಹರಾಜಿಗೆ ಹಾಕಿದರೆ ಕೊರಿಯರ್ ಖರ್ಚು ಹುಟ್ಟಿದರೆ ಪುಣ್ಯ.

ಹಂತ 3: ಅದೇ ದಿನ ಚೀಟಿ ಬರೆಯಿರಿ

ಊರಿಲ್ಲದ ಕಲ್ಲು ಬರೀ ಅಲಂಕಾರದ ಕಲ್ಲು. ಅದೇ ಕಲ್ಲಿಗೆ ಕ್ವಾರಿ, ಹಳ್ಳಿ, ತಾಲ್ಲೂಕು, ಜಿಲ್ಲೆ ಸೇರಿದರೆ ಅದು ಮಾದರಿ. ಹರಾಜಿನಲ್ಲಿ ದುಡ್ಡು ಕೊಡುವವರು ಎರಡನೆಯದಕ್ಕೆ ಕೊಡುತ್ತಾರೆ.

ಚೀಟಿಯಲ್ಲಿ ಇಷ್ಟು ಇರಲಿ: ನಿಮ್ಮ ಕ್ರಮಸಂಖ್ಯೆ, ಖನಿಜದ ಹೆಸರು, ಜೊತೆಯ ಖನಿಜಗಳು, ಸಿಕ್ಕ ಜಾಗ ಚಿಕ್ಕದರಿಂದ ದೊಡ್ಡದರವರೆಗೆ, ಯಾರಿಂದ ಯಾವಾಗ ಕೊಂಡಿರಿ, ಅಳತೆ, ತೂಕ, ಆಗಲೇ ಕಂಡ ಮುಕ್ಕು ಅಥವಾ ಅಂಟು. ಕೊಂಡ ಬೆಲೆ ಬೇರೆ ಪುಸ್ತಕದಲ್ಲಿ ಬರೆಯಿರಿ, ಚೀಟಿಯಲ್ಲಿ ಬೇಡ. ಚೀಟಿ ಒಂದು ದಿನ ಕಲ್ಲಿನ ಜೊತೆ ಹೋಗುತ್ತದೆ, ಅಲ್ವಾ?

ಚೀಟಿ ಕಳೆದುಹೋಗುತ್ತದೆ ಅಂತಲೇ ಅಂದುಕೊಳ್ಳಿ. ಕಲ್ಲಿನ ಕೆಳಗೆ ಕಾಣದ ಜಾಗದಲ್ಲಿ ಬಿಳಿ ಬಣ್ಣದ ಸಣ್ಣ ಚುಕ್ಕೆ ಇಟ್ಟು, ಒಣಗಿದ ಮೇಲೆ ಕಪ್ಪು ಇಂಕಿನಲ್ಲಿ ಕ್ರಮಸಂಖ್ಯೆ ಬರೆಯಿರಿ. ಹಳೆಯ ಮಾಲೀಕರ ಚೀಟಿ ಇದ್ದರೆ ಹರಿದಿದ್ದರೂ, ಎಣ್ಣೆ ಕಲೆ ಆಗಿದ್ದರೂ ಎಸೆಯಬೇಡಿ. ಹಳೆಯ ಚೀಟಿಗೂ ಬೆಲೆ ಇದೆ.

ನನ್ನ ಮನೆಯ ಕಥೆ ಹೇಳುತ್ತೇನೆ. ಒಕೆನೈಟ್ ನೋಡಿದವರಿಗೆ ಗೊತ್ತು, ಕೂದಲಿಗಿಂತ ತೆಳುವಾದ ಎಳೆಗಳ ಬಿಳಿ ಉಂಡೆ ಅದು. ಚೀಟಿ ನಾಳೆ ಬರೆಯೋಣ ಅಂತ ಮೇಜಿನ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದರೆ ನಮ್ಮಮ್ಮ ಒದ್ದೆ ಬಟ್ಟೆ ಹಿಡಿದು, "ಏನೋ ಇದು, ಕಲ್ಲಿಗೂ ಬೂಷ್ಟು ಬಂದಿದೆ" ಅಂತ ಚೆನ್ನಾಗಿ ಒರೆಸಿ ಇಟ್ಟಿದ್ದರು. ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಹಳೆಯ ಹತ್ತಿಬತ್ತಿಯ ಹಾಗೆ ಆಗಿತ್ತು. ಪಾಪ, ಅವರದ್ದೇನು ತಪ್ಪು. "ಮುಟ್ಟಬೇಡಿ" ಅಂತ ಚೀಟಿ ಇರಲಿಲ್ಲ.

ಹಂತ 4: ತೊಳೆಯುವುದು, ಅಥವಾ ತೊಳೆಯದೇ ಇರುವುದು

ಜಾಸ್ತಿ ಕಲ್ಲು ಹಾಳಾಗುವುದು ಇಲ್ಲೇ. ಬೆಂಗಳೂರಿನಲ್ಲಿ ಅದು ಹೆಚ್ಚಾಗಿ ನಡೆಯುವ ರೀತಿ ಹೀಗೆ. ಕಲ್ಲನ್ನು ಬೋರ್‌ವೆಲ್ ನೀರಿನಲ್ಲಿ ತೊಳೆಯುತ್ತಾರೆ. ಗಡಸು ನೀರು ಒಣಗಿದಾಗ ಹರಳಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಯ್ಯೋ ಹೊಳಪು ಹೋಯಿತಲ್ಲ ಅಂತ ವಿನಿಗರ್ ಹಾಕುತ್ತಾರೆ. ಅದರಿಂದ ಸಾಲದು ಅಂತ ಬಚ್ಚಲು ತೊಳೆಯುವ ಆಸಿಡ್. ಆಸಿಡ್ ಪೊರೆಯ ಜೊತೆ ಹರಳಿನ ಮೈಯನ್ನೂ ತಿನ್ನುತ್ತದೆ. ಕ್ಯಾಲ್ಸೈಟ್ ಗುಳ್ಳೆ ಎದ್ದು ಕರಗುತ್ತದೆ. ಸ್ಕೊಲೆಸೈಟ್‌ನಂಥ, ಒಳಗೆ ನೀರು ಹಿಡಿದಿಟ್ಟ ಝಿಯೋಲೈಟ್ ಗುಂಪಿನ ಹರಳುಗಳು ಆಸಿಡ್‌ನಲ್ಲಿ ಅಂಟಂಟು ಲೋಳೆಯಾಗಿ, ಒಣಗಿದ ಮೇಲೆ ಮಂಕಾಗುತ್ತವೆ. ಆಮೇಲೆ ಯಾವ ದೇವರೂ ಆ ಹೊಳಪು ವಾಪಸ್ ಕೊಡುವುದಿಲ್ಲ. ಶುರುವಾಗಿದ್ದು ಒಂದು ಚೊಂಬು ಬೋರ್‌ವೆಲ್ ನೀರಿನಿಂದ.

ಆದ್ದರಿಂದ ಮೆತ್ತಗಿನಿಂದ ಗಟ್ಟಿಗೆ ಹೋಗಿ, ಪ್ರತಿ ಮೆಟ್ಟಿಲಲ್ಲೂ ನಿಂತು ನೋಡಿ.

ಮೊದಲು ಗಾಳಿ. ರಬ್ಬರ್ ಉಂಡೆಯಿಂದ ಊದಿ ದೂಳು ತೆಗೆಯಿರಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಒಕೆನೈಟ್, ಮೆಸೊಲೈಟ್, ಸ್ಕೊಲೆಸೈಟ್‌ನ ಸೂಜಿ ಹರಳುಗಳಿಗೆ ಇಲ್ಲಿಗೇ ಸ್ನಾನ ಮುಗಿಯಿತು. ನೀರು ಬೇಡ, ಬ್ರಷ್ ಬೇಡ.

ಆಮೇಲೆ ಒಣ ಬ್ರಷ್, ಆಮೇಲೆ ನೀರು. ಮೊದಲ ತೊಳೆತಕ್ಕೆ ಕಾವೇರಿ ನೀರು ಸಾಕು. ಕೊನೆಯ ಅದ್ದುವಿಕೆ ಮಾತ್ರ ಡಿಸ್ಟಿಲ್ಡ್ ನೀರಿನಲ್ಲೇ ಆಗಲಿ. ನೀರು ಕೋಣೆಯ ಬಿಸಿಯಷ್ಟೇ ಇರಲಿ. ಬಿಸಿ ನೀರು ಹಾಕಿದರೆ ಫ್ಲೋರೈಟ್, ಕ್ಯಾಲ್ಸೈಟ್ ಬಿರಿಯುತ್ತವೆ. ಅಪೊಫಿಲೈಟ್ ಒಂದು ದಿಕ್ಕಿನಲ್ಲಿ ಹಾಳೆಯಂತೆ ಸೀಳುವ ಕಲ್ಲು, ಅದನ್ನು ಕನ್ನಡಕ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರಕ್ಕೆ ಹಾಕಿ ಎರಡು ತುಂಡು ಹೊರತೆಗೆದವರನ್ನು ಕಂಡಿದ್ದೇನೆ. ಉಪ್ಪಿನ ಹರಳು ನೀರಿನಲ್ಲಿ ಕರಗುತ್ತದೆ ಅಂತ ಬೇರೆ ಹೇಳಬೇಕಾ? ಹೇಳಬೇಕು, ತೊಳೆದವರಿದ್ದಾರೆ. ಜಿಪ್ಸಮ್ ಕೂಡ ನಿಧಾನಕ್ಕೆ ಕರಗುತ್ತದೆ, ನೆನೆಹಾಕಬೇಡಿ.

ತುಕ್ಕಿನ ಕಂದು ಕಲೆ ಉಳಿದರೆ ಎರಡು ದಾರಿ. ಕಲ್ಲು ಪೂರ್ತಿ ಕ್ವಾರ್ಟ್ಜ್ ಆಗಿದ್ದರೆ ಮಾತ್ರ ಆಕ್ಸಾಲಿಕ್ ಆಸಿಡ್. ಇದು ವಿಷ. ಕೈಗವಸು, ಕನ್ನಡಕ, ತೆರೆದ ಜಾಗ, ಪ್ಲಾಸ್ಟಿಕ್ ಪಾತ್ರೆ. ಅಡುಗೆಗೆ ಬಳಸುವ ಪಾತ್ರೆ ಖಂಡಿತ ಬೇಡ, ಒಲೆ ಮೇಲೆ ಕುದಿಸುವುದು ಬೇಡ. ಜೊತೆಗೆ ಕ್ಯಾಲ್ಸೈಟ್ ಇದ್ದರೆ ಅದರ ಮೇಲೆ ಬಿಳಿ ಪೊರೆ ಕೂರುತ್ತದೆ, ಅದು ನೀರಿಗೆ ಬಿಡುವುದಿಲ್ಲ. ಝಿಯೋಲೈಟ್, ಕ್ಯಾಲ್ಸೈಟ್ ಇರುವ ಕಲ್ಲಿಗೆ ಅನುಭವಿಗಳು ಸೋಡಿಯಂ ಡೈಥಯೊನೈಟ್, ಸೋಡಿಯಂ ಸಿಟ್ರೇಟ್, ಅಡುಗೆ ಸೋಡಾ ಸೇರಿಸಿದ ದ್ರಾವಣ ಬಳಸುತ್ತಾರೆ. ಬಟ್ಟೆಗೆ ಬಣ್ಣ ಹಾಕುವವರ ಬಾಯಲ್ಲಿ ಆ ಡೈಥಯೊನೈಟ್ ಹೆಸರು ಹೈಡ್ರೋಸ್. ಪುಡಿಗೆ ಸ್ವಲ್ಪ ತೇವ ತಗುಲಿದರೂ ಬಿಸಿಯೇರಿ ಹೊತ್ತಿಕೊಳ್ಳಬಹುದು. ಮೊದಲ ಕಲ್ಲಿಗೇ ಇದನ್ನು ಮಾಡಬೇಡಿ. ಮಾಡಿದವರ ಪಕ್ಕ ನಿಂತು ಒಂದು ಸಲ ನೋಡಿ, ಮುಕ್ಕಾದ ಅಗ್ಗದ ಕಲ್ಲಿನ ಮೇಲೆ ಕೈ ಪಳಗಿಸಿಕೊಳ್ಳಿ.

ಯಾವ ರಾಸಾಯನಿಕ ಬಳಸಿದರೂ ಅದ್ದಿಟ್ಟಷ್ಟು ಹೊತ್ತಿಗಿಂತ ಹೆಚ್ಚು ಹೊತ್ತು ಶುದ್ಧ ನೀರಿನಲ್ಲಿ ಇಡಿ, ನೀರು ಬದಲಿಸುತ್ತಾ ಇರಿ. ಒಣಗಿಸುವುದು ನೆರಳಿನಲ್ಲಿ. ತಾರಸಿ ಬಿಸಿಲಿಗೆ ಇಟ್ಟರೆ ಅಮೆಥಿಸ್ಟ್ ಬಣ್ಣ ಬಿಡುತ್ತದೆ.

ನಿಲ್ಲಿಸಬೇಕಾದ ಗುರುತುಗಳು: ನೀರಿನ ತಳದಲ್ಲಿ ಹೊಳೆಯುವ ಚೂರು, ಕಲ್ಲಿಂದ ಬಣ್ಣದ ನೀರು, ಗುಳ್ಳೆ, ಹೊಳಪು ಮಂಜಾದಂತೆ ಕಾಣುವುದು. ಒಂದು ಕಂಡರೂ ತಕ್ಷಣ ಹೊರತೆಗೆಯಿರಿ. ಅರ್ಧ ಕೊಳೆ ಉಳಿದ ಕಲ್ಲನ್ನು ಕೊಂಡವರು ಬೇಕಾದರೆ ತೊಳೆದುಕೊಳ್ಳುತ್ತಾರೆ.

ಹಂತ 5: ಮಾರುವವರೆಗೆ ಇಡುವುದು

ನೇರ ಬಿಸಿಲು ಬೀಳದ, ಬಾಗಿಲಿರುವ ಕಪಾಟು. ಪೈರೈಟ್, ಮಾರ್ಕಸೈಟ್‌ಗೆ ಮಳೆಗಾಲದ ತೇವ ಆಗದು, ಬಿಳಿ ಪುಡಿ ಮತ್ತು ಗಂಧಕದ ವಾಸನೆ ಬಂದರೆ ಬೇರೆ ಡಬ್ಬಕ್ಕೆ ಹಾಕಿ ಸಿಲಿಕಾ ಜೆಲ್ ಇಡಿ. ಇದಕ್ಕೆ ಉಲ್ಟಾ ಲಾಮಂಟೈಟ್. ಅದು ಒಣ ಗಾಳಿಯಲ್ಲಿ ತನ್ನೊಳಗಿನ ನೀರು ಕಳೆದುಕೊಂಡು ಪುಡಿಯಾಗುತ್ತದೆ. ಕೆಂಪು ರಿಯಾಲ್ಗರ್ ಬೆಳಕಿಗೆ ಹಳದಿ ಪುಡಿಯಾಗುತ್ತದೆ, ಅದರಲ್ಲಿ ಆರ್ಸೆನಿಕ್ ಬೇರೆ ಇದೆ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಹಂತ 6: ಡಬ್ಬ ಕಟ್ಟಿ, ಆಮೇಲೆ ಹರಾಜಿನ ಯೋಚನೆ

ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಮಾರಾಟವೇ ಆಗಿಲ್ಲ, ಪ್ಯಾಕಿಂಗ್ ಯಾಕೆ? ಎರಡು ಕಾರಣ. ಡಬ್ಬದ ತೂಕ ಮತ್ತು ಅಳತೆ ಗೊತ್ತಿಲ್ಲದೆ ಕಳಿಸುವ ಖರ್ಚು ಹೇಳಲಾಗುವುದಿಲ್ಲ, ಊಹಿಸಿ ಬರೆದರೆ ಕೈಯಿಂದ ಹೋಗುತ್ತದೆ. ಎರಡನೆಯದು ಮುಖ್ಯ: ಕೆಲವು ಕಲ್ಲು ಪ್ರಯಾಣ ಮಾಡುವ ಜಾತಿಯೇ ಅಲ್ಲ. ಅದು ಬಿಡ್ ಬಂದ ಮೇಲೆ ಗೊತ್ತಾದರೆ ಏನು ಮಾಡುತ್ತೀರಿ?

ಗಟ್ಟಿ ಕಲ್ಲಿಗೆ ಹೀಗೆ. ಟಿಶ್ಯೂ ಕಾಗದವನ್ನು ಪದರ ಪದರವಾಗಿ ಸುತ್ತಿ, ಹರಳುಗಳ ನಡುವಿನ ಸಂದು ಮೆತ್ತಗೆ ತುಂಬಿ. ಅದರ ಮೇಲೆ ಬಬಲ್ ಹಾಳೆ. ಗಟ್ಟಿ ಸಣ್ಣ ಡಬ್ಬ. ಅದು ದೊಡ್ಡ ಡಬ್ಬದೊಳಗೆ, ಆರು ಬದಿಗೂ ಕನಿಷ್ಠ 5 ಸೆಂ.ಮೀ. ಫೋಮ್. ಹತ್ತಿ ಬಳಸಬೇಡಿ, ಎಳೆ ಹರಳಿಗೆ ಸಿಕ್ಕಿಕೊಂಡು ಬಿಡಿಸುವಾಗ ತುದಿ ಮುರಿಯುತ್ತದೆ. ಥರ್ಮಾಕೋಲ್ ಕಾಳು ಕಲ್ಲಿಗೆ ನೇರ ತಾಗಬಾರದು, ಅಂಟಿಕೊಂಡು ಬಿಡುವುದಿಲ್ಲ.

ಸೂಜಿ ಹರಳಿಗೆ ಏನೂ ತಾಗಬಾರದು. ಕಲ್ಲಿನ ಬುಡವನ್ನು ಗಟ್ಟಿ ಹಲಗೆಗೆ ದಾರದಿಂದ ಬಿಗಿದು, ಹಲಗೆಯನ್ನು ಡಬ್ಬದ ತಳಕ್ಕೆ ಕೂರಿಸಿ. ಸೂಜಿಗಳ ಸುತ್ತ ಬರೀ ಗಾಳಿ ಇರಲಿ. ಬುಡ ಕಟ್ಟಲು ಜಾಗವೇ ಇಲ್ಲದಿದ್ದರೆ ಆ ಕಲ್ಲನ್ನು ಕೈಯಾರೆ ತೆಗೆದುಕೊಂಡು ಹೋಗುವವರಿಗೆ ಮಾತ್ರ ಮಾರಿ.

ಪರೀಕ್ಷೆ ಬೇಕು ಅಂದರೆ ಕಲ್ಲಿನ ಬದಲು ಕೋಳಿಮೊಟ್ಟೆ ಇಟ್ಟು ಅದೇ ರೀತಿ ಕಟ್ಟಿ ಸೊಂಟದ ಎತ್ತರದಿಂದ ನೆಲಕ್ಕೆ ಬಿಡಿ. ಮೊಟ್ಟೆ ಒಡೆದರೆ ಆಮ್ಲೆಟ್ ಮಾಡಿಕೊಳ್ಳಿ, ಫೋಮ್ ಜಾಸ್ತಿ ಮಾಡಿ.

ಹಂತ 7: ಫೋಟೊ

ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಕಡೆ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ. ಮೋಡ ಕವಿದ ಬೆಂಗಳೂರಿನ ಬೆಳಕಿಗಿಂತ ಒಳ್ಳೆಯ ಸ್ಟುಡಿಯೋ ಲೈಟ್ ಇಲ್ಲ, ಅದೂ ಪುಕ್ಕಟೆ. ಹಿಂದೆ ಬೂದು ಹಾಳೆ ಇಡಿ. ಕಪ್ಪು ಬಟ್ಟೆ ಇಟ್ಟರೆ ಫೋನು ಕಲ್ಲನ್ನು ಸುಣ್ಣದಂತೆ ಬೆಳ್ಳಗಾಗಿಸುತ್ತದೆ. ಟ್ಯೂಬ್‌ಲೈಟ್ ಆರಿಸಿ, ಎರಡು ಬೆಳಕು ಬೆರೆತರೆ ಬಣ್ಣ ಕೆಡುತ್ತದೆ.

ಮುಖ, ಎರಡು ಬದಿ, ಬೆನ್ನು, ಬುಡ, ಸ್ಕೇಲ್ ಜೊತೆ ಒಂದು, ಮುಕ್ಕಾದ ಜಾಗದ ಹತ್ತಿರದ ಫೋಟೊ ಒಂದು. ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಬಿಡಬೇಡಿ, ಮುಕ್ಕು ತೋರಿಸಿದವರ ಮೇಲೆಯೇ ನಂಬಿಕೆ ಹುಟ್ಟುವುದು. ಜೊತೆಗೆ ಕಲ್ಲನ್ನು ನಿಧಾನಕ್ಕೆ ತಿರುಗಿಸುವ 15 ಸೆಕೆಂಡಿನ ವಿಡಿಯೊ. ಹೊಳಪು ಫೋಟೊದಲ್ಲಿ ಗೊತ್ತಾಗುವುದಿಲ್ಲ, ತಿರುಗಿಸಿದರೆ ಗೊತ್ತಾಗುತ್ತದೆ.

ಮುಗಿದ ಮೇಲೆ ಕಲ್ಲನ್ನು ಫೋನಿನ ಪಕ್ಕ ಹಿಡಿದು ಬಣ್ಣ ಹೋಲಿಸಿ. ಕ್ಯಾವನ್ಸೈಟಿನ ನೀಲಿ, ಅಮೆಥಿಸ್ಟಿನ ನೇರಳೆ ಎರಡನ್ನೂ ಫೋನುಗಳು ಹೆಚ್ಚಿಸಿ ತೋರಿಸುತ್ತವೆ. ಬಣ್ಣ ತಗ್ಗಿಸಿ ಸರಿ ಮಾಡಿ. ಏರಿಸಿ ಮಾರಿದ ಕಲ್ಲು ವಾಪಸ್ ಬರುತ್ತದೆ, ಬರುವಾಗ ಒಡೆದಿರುತ್ತದೆ.

ಹಂತ 8: ಬೆಲೆ ಮತ್ತು ಜಾಗ ಗೊತ್ತುಮಾಡುವುದು

ಕೇಳುವ ಬೆಲೆ ನೋಡಬೇಡಿ, ಹೋದ ಬೆಲೆ ನೋಡಿ. ಇಬೇ ತಾಣದಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಸೋಸಣೆ (ಫಿಲ್ಟರ್) ಇದೆ. ಹೆರಿಟೇಜ್‌ನಂಥ ದೊಡ್ಡ ಹರಾಜು ಸಂಸ್ಥೆಗಳ ತಾಣದಲ್ಲಿ ಹಳೆಯ ಹರಾಜಿನ ಬೆಲೆಗಳು ಸಿಗುತ್ತವೆ. ಅದೇ ಖನಿಜ, ಅದೇ ಊರು, ಹೆಚ್ಚುಕಡಿಮೆ ಅದೇ ಗಾತ್ರ, ಅದೇ ಸ್ಥಿತಿಯ ಐದಾರು ಕಲ್ಲು ಹುಡುಕಿ. ನಡುವಿನ ಬೆಲೆ ನಿಮ್ಮದು. ಎಲ್ಲಕ್ಕಿಂತ ಮೇಲಿನದು ನಿಮ್ಮದಲ್ಲ, ಎಷ್ಟೇ ಆಸೆ ಆದರೂ.

ಗಾತ್ರಕ್ಕೆ ಹರಾಜಿನವರ ಭಾಷೆ ಕಲಿಯಿರಿ. ಒಂದು ಅಂಗುಲದ ಚೌಕ ಡಬ್ಬದಲ್ಲಿ ಕೂರುವುದು ಥಂಬ್‌ನೇಲ್. ಸುಮಾರು 5 ಸೆಂ.ಮೀ. ಒಳಗಿನದು ಮಿನಿಯೇಚರ್. ಅದಕ್ಕಿಂತ ದೊಡ್ಡದು ಸ್ಮಾಲ್ ಕ್ಯಾಬಿನೆಟ್, 10 ಸೆಂ.ಮೀ. ದಾಟಿದರೆ ಕ್ಯಾಬಿನೆಟ್. ಒಂದೊಂದು ಗಾತ್ರವನ್ನೇ ಸೇರಿಸುವವರಿದ್ದಾರೆ. 2.6 ಸೆಂ.ಮೀ. ಕಲ್ಲನ್ನು ಥಂಬ್‌ನೇಲ್ ಅಂತ ಬರೆದರೆ ಜಗಳಕ್ಕೆ ಬರುತ್ತಾರೆ.

ದೊಡ್ಡ ಸಂಸ್ಥೆಗಳು ಎಲ್ಲ ಕಲ್ಲನ್ನೂ ತೆಗೆದುಕೊಳ್ಳುವುದಿಲ್ಲ, ಕಮಿಷನ್ ಬೇರೆ ಹಿಡಿಯುತ್ತವೆ. ಸಾಧಾರಣದಿಂದ ಮಧ್ಯಮ ಕಲ್ಲಿಗೆ ಆನ್‌ಲೈನ್ ಹರಾಜು, ಗೆಳೆಯರ ವಾಟ್ಸಾಪ್ ಗುಂಪಿನ ಹರಾಜು ಸಾಕು. ಕಡಿಮೆ ಬೆಲೆಯಿಂದ ಶುರು ಮಾಡಿದರೆ ಜನ ಸೇರುತ್ತಾರೆ ಅನ್ನುವುದು ನಿಜ, ಆದರೆ ನೋಡುವವರೇ ಇಬ್ಬರಿದ್ದರೆ ಅದು ದಾನ. ಹತ್ತಾರು ಜನ ಕಣ್ಣಿಟ್ಟಿರುವ ಕಡೆ ಕಡಿಮೆಯಿಂದ ಕೂಗಿಸಿ. ಉಳಿದ ಕಡೆ ಕನಿಷ್ಠ ಬೆಲೆ, ಅಂದರೆ ರಿಸರ್ವ್, ಇಟ್ಟುಕೊಳ್ಳಿ. ಒಂದೇ ಜಾತಿಯ ಐದು ಕಲ್ಲು ಒಂದೇ ವಾರ ಹಾಕಬೇಡಿ. ನಿಮಗೆ ನೀವೇ ಪೈಪೋಟಿ ಆಗುತ್ತೀರಿ.

ತೆರಿಗೆ ವಿಷಯ ಚಿಕ್ಕದಾಗಿ. ವ್ಯಾಪಾರವಾಗಿ ಬೇರೆ ರಾಜ್ಯಕ್ಕೆ ಮಾರುತ್ತಿದ್ದರೆ ವಹಿವಾಟು ಕಡಿಮೆ ಇದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಹೊರದೇಶಕ್ಕೆ ವ್ಯಾಪಾರ ಅಂದರೆ ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಬೇಕು. ಖನಿಜ ಸಂಗ್ರಹದ ಮಾದರಿಗಳು ಕಸ್ಟಮ್ಸ್ ಪಟ್ಟಿಯಲ್ಲಿ 9705ನೇ ಶೀರ್ಷಿಕೆಯಲ್ಲಿ ಬರುತ್ತವೆ. ಮೊದಲ ಪಾರ್ಸೆಲ್‌ಗೆ ಮುಂಚೆ ನಿಮ್ಮ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಬನ್ನಿ.

ಹಂತ 9: ವಿವರಣೆ ಬರೆಯುವುದು

ಹಂತ 3ರ ಚೀಟಿ ಎತ್ತಿಕೊಂಡು ಬರೆದರೆ ಹತ್ತು ನಿಮಿಷದ ಕೆಲಸ. ಹೆಸರು, ಊರು, ಅಳತೆ, ದೊಡ್ಡ ಹರಳಿನ ಅಳತೆ, ತೂಕ, ಸ್ಥಿತಿ. ಊರಿನ ಹೆಸರನ್ನು ಖನಿಜಗಳ ಮಾಹಿತಿ ಇರುವ ಮಿನ್‌ಡ್ಯಾಟ್ (Mindat) ತಾಣದಲ್ಲಿ ಹೇಗೆ ಬರೆದಿದ್ದಾರೋ ಹಾಗೇ ಬರೆಯಿರಿ, ಹುಡುಕುವವರು ಆ ಹೆಸರಲ್ಲೇ ಹುಡುಕುತ್ತಾರೆ. "ಅಪರೂಪ", "ಅದ್ಭುತ", "ಶಕ್ತಿ ತುಂಬಿದ" ಈ ಮಾತು ಬೇಡ. ಗಂಭೀರ ಸಂಗ್ರಾಹಕರು ಅಲ್ಲಿಗೇ ಓದುವುದು ನಿಲ್ಲಿಸುತ್ತಾರೆ.

ಸ್ಥಿತಿಗೆ ಮೂರು ಮಾತು ಬೇರೆ ಬೇರೆ ಅಂತ ನೆನಪಿರಲಿ. ಮುರಿದ ಹರಳನ್ನು ಅದರ ಜಾಗದಲ್ಲೇ ಅಂಟಿಸಿದ್ದರೆ ರಿಪೇರಿ. ಇಲ್ಲದ ಭಾಗವನ್ನು ರಾಳ ತುಂಬಿ ಕಟ್ಟಿದ್ದರೆ ರಿಸ್ಟೋರೇಶನ್. ಬೇರೆಲ್ಲಿಯದೋ ಹರಳು ತಂದು ಕೂರಿಸಿದ್ದರೆ ಅದು ಮೋಸ. ಮೊದಲ ಎರಡನ್ನು ಬರೆದು ಮಾರಬಹುದು. ಮೂರನೆಯದನ್ನು ಮಾರಲೇಬೇಡಿ.

ಹಂತ 10: ಹರಾಜಿನ ದಿನ

ಮಾರುವವರಿಗೆ ಕೆಲಸ ಕಡಿಮೆ: ಕೇಳಿದ ಪ್ರಶ್ನೆಗೆ ಅದೇ ದಿನ ಉತ್ತರ ಕೊಡಿ, ನೆಂಟರ ಕೈಯಲ್ಲಿ ಸುಳ್ಳು ಬಿಡ್ ಹಾಕಿಸಬೇಡಿ. ಅಮೆರಿಕದ ಪಶ್ಚಿಮ ತೀರದಲ್ಲಿ ಭಾನುವಾರ ಸಂಜೆ ಆರಕ್ಕೆ ಮುಗಿಯುವ ಹರಾಜು ನಮಗೆ ಸೋಮವಾರ ಬೆಳಿಗ್ಗೆ ಆರೂವರೆಗೆ, ಅವರ ಚಳಿಗಾಲದಲ್ಲಿ ಏಳೂವರೆಗೆ.

ಕೊಳ್ಳುವವರಾದರೆ ಲೆಕ್ಕ ಹಿಂದಿನಿಂದ ಮಾಡಿ. ಕೂಗಿ ನಿಂತ ಬೆಲೆಯ ಮೇಲೆ ಬಯರ್ಸ್ ಪ್ರೀಮಿಯಂ ಅಂತ ಸಂಸ್ಥೆ ಇನ್ನೊಂದಿಷ್ಟು ಸೇರಿಸುತ್ತದೆ. ಉದಾಹರಣೆಗೆ ಅದು ಶೇ. 25, ಕಳಿಸುವ ಖರ್ಚು 3,500 ರೂಪಾಯಿ, ನಿಮ್ಮ ಜೇಬಲ್ಲಿರುವುದು ಒಟ್ಟು 20,000 ಅನ್ನೋಣ. 3,500 ಕಳೆದರೆ 16,500. ಅದನ್ನು 1.25ರಿಂದ ಭಾಗಿಸಿದರೆ 13,200. ನಿಮ್ಮ ಕೊನೆಯ ಕೂಗು ಅಷ್ಟೇ, ಹೊರದೇಶದಿಂದಾದರೆ ಕಸ್ಟಮ್ಸ್‌ಗೂ ಉಳಿಸಿ ಇನ್ನೂ ಕಡಿಮೆ. ಈ ಅಂಕಿಯನ್ನು ಕಾಗದದಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಕೊನೆಯ ನಿಮಿಷದಲ್ಲಿ ಬಿಡ್ ಬಂದರೆ ಕೆಲವು ತಾಣಗಳು ಸಮಯವನ್ನು ಮುಂದೂಡುತ್ತವೆ. ಆ ಬಿಸಿಯಲ್ಲೇ ಜನ ಸೋಲುವುದು. ಗೆದ್ದೆ ಅಂತ ಸಂತೋಷಪಟ್ಟು ಮರುದಿನ ಹೆಂಡತಿಗೆ ಬಿಲ್ ಹೇಗೆ ತೋರಿಸಲಿ ಅಂತ ನನಗೇ ಫೋನ್ ಮಾಡಿದವರಿದ್ದಾರೆ.

ಹಂತ 11: ಹಣ, ಪಾರ್ಸೆಲ್, ಪುಸ್ತಕ

ಹಣ ಖಾತೆಗೆ ಬಿದ್ದ ಮೇಲೆ ಕಳಿಸಿ. "ಹಣ ಹಾಕಿದ್ದೇನೆ" ಅನ್ನುವ ಸ್ಕ್ರೀನ್‌ಶಾಟ್ ಹಣ ಅಲ್ಲ. ಡಬ್ಬ ಮುಚ್ಚುವ ಮುಂಚೆ ಕಲ್ಲು, ಚೀಟಿ, ಪ್ಯಾಕಿಂಗ್ ಮೂರೂ ಕಾಣುವಂತೆ ವಿಡಿಯೊ ಮಾಡಿ. ಚೀಟಿಯನ್ನು ಜಿಪ್ ಕವರ್‌ನಲ್ಲಿ ಹಾಕಿ ಒಳ ಡಬ್ಬದಲ್ಲಿಡಿ. ಕಸ್ಟಮ್ಸ್ ಕಾಗದದಲ್ಲಿ ನಿಜವಾದ ಬೆಲೆ ಬರೆಯಿರಿ. ಕಡಿಮೆ ಬರೆಯಿರಿ ಅಂತ ಕೊಂಡವರು ಕೇಳುತ್ತಾರೆ. ಅದು ಕಾನೂನಿಗೂ ವಿರುದ್ಧ, ಕಳೆದುಹೋದರೆ ವಿಮೆಯೂ ಅಷ್ಟಕ್ಕೇ ಸಿಗುತ್ತದೆ.

ಗೆದ್ದವರು ಹಣ ಕೊಡದಿದ್ದರೆ ನಾಲ್ಕು ದಿನ ಕಾದು ಎರಡನೆಯವರನ್ನು ಕೇಳಿ, ಅವರು ಕೂಗಿದ ಬೆಲೆಗೇ ಕೊಡಿ. ಹೋದ ಬೆಲೆಯನ್ನು ನಿಮ್ಮ ಪುಸ್ತಕದಲ್ಲಿ ಕೊಂಡ ಬೆಲೆಯ ಪಕ್ಕ ಬರೆಯಿರಿ, ಕಮಿಷನ್ ಮತ್ತು ಡಬ್ಬದ ಖರ್ಚು ಕಳೆದು.

ಯಾರೂ ಕೂಗದೆ ಉಳಿದ ಕಲ್ಲನ್ನು ಮುಂದಿನ ವಾರವೇ ಮತ್ತೆ ಹಾಕಬೇಡಿ. ನೋಡಿದವರಿಗೆ ಅದು ಹಳಸಿದ ಸಾರಿನ ಹಾಗೆ ಕಾಣುತ್ತದೆ. ಆರು ತಿಂಗಳು ಕಪಾಟಿನಲ್ಲಿಡಿ, ಹೊಸ ಬೆಳಕಿನಲ್ಲಿ ಹೊಸ ಫೋಟೊ ತೆಗೆಯಿರಿ, ಹಾಕುವ ಮುಂಚೆ ಇನ್ನೊಂದು ಸಲ ಬೆನ್ನಿನಿಂದ ಶುರುಮಾಡಿ ಲೂಪ್ ಹಿಡಿಯಿರಿ. ಕಪಾಟಿನಲ್ಲಿದ್ದಾಗ ಯಾರಾದರೂ ಒರೆಸಿರಬಹುದು.